ಪಿಯಾನೊ ನುಡಿದರೆ ಷೋಕೇಸೂ ನುಡಿಯುತ್ತದೆ!

ಅರಸೀಕೆರೆಯಿಂದ ಸೋದರಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಸಾರಾಂಶ ಇಷ್ಟು: “ಚೀಟಿ ಎತ್ತಿದ ದುಡ್ಡಿನಲ್ಲಿ ಮಗಳಿಗೆ ಡಿಜಿಟಲ್ ಪಿಯಾನೊ ಕೊಡಿಸಿದೆ, ಅಕ್ಕಾ. ಎದುರು ಕೂತು ಕೇಳಿದರೆ ಚೆನ್ನಾಗಿಯೇ ಇದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಮಾತ್ರ ಎಡಗೈ ಸ್ವರಗಳೆಲ್ಲ ಗುಂಯ್ ಅನ್ನುತ್ತವೆ, ಕೊಡದೊಳಗೆ ಕೂತು ನುಡಿಸಿದ ಹಾಗೆ. ಅಂಗಡಿಯವರು ಸ್ಪೀಕರ್ ಹೋಗಿದೆ, ಬದಲಾಯಿಸಬೇಕು ಅಂತಾರೆ. ಯಜಮಾನರು ಮಾರಿಬಿಡು ಅಂತಾರೆ. ಪರೀಕ್ಷೆಯ ವಿಡಿಯೊ ಕಳಿಸಲು 20 ದಿನ ಉಳಿದಿದೆ.”

ಮಾರುವ ಮಾತು ಸದ್ಯಕ್ಕೆ ಬೇಡಮ್ಮ. ಸ್ಪೀಕರಿಗೂ ಕಾಸು ಬಿಚ್ಚಬೇಡಿ.

ಲಂಡನ್ನಿನ ಟ್ರಿನಿಟಿ ಕಾಲೇಜು ಮತ್ತು ಎಬಿಆರ್‌ಎಸ್‌ಎಂನವರು 2020ರಲ್ಲಿ ವಿಡಿಯೊ ಕಳಿಸುವ ಪರೀಕ್ಷೆ ಶುರು ಮಾಡಿದ ಮೇಲೆ ನಮ್ಮ ಸಣ್ಣ ಊರುಗಳ ಮಕ್ಕಳಿಗೂ ಅನುಕೂಲವಾಗಿದೆ. ಆದರೆ ಒಂದು ಷರತ್ತುಂಟು. ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ನುಡಿಸಿರಬೇಕು, ನಡುವೆ ಕತ್ತರಿಸಿ ಅಂಟಿಸುವಂತಿಲ್ಲ. ಹೀಗಾಗಿ “ಆಮೇಲೆ ಸರಿ ಮಾಡಿಕೊಳ್ಳೋಣ” ಅನ್ನುವ ದಾರಿ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾದ ಮೇಲೆ ಒದ್ದಾಡುವುದಕ್ಕಿಂತ ಹಾಕುವಾಗಲೇ ನೋಡಿಕೊಳ್ಳಬೇಕು, ಅಲ್ಲವೇ?

ಮೊದಲು ಕಳ್ಳ ಯಾರೆಂದು ಗೊತ್ತಾಗಬೇಕು. ಪಿಯಾನೊಗೆ ಹೆಡ್‌ಫೋನ್ ಸಿಕ್ಕಿಸಿ. ಆಗ ಅದರ ಸ್ಪೀಕರ್ ಸುಮ್ಮನಾಗುತ್ತದೆ, ಕೋಣೆಗೂ ಸ್ವರಕ್ಕೂ ಸಂಬಂಧವೇ ಕಡಿಯುತ್ತದೆ. ಎಡಗಡೆಯ ಕೊನೆಯಿಂದ ಒಂದೊಂದೇ ಕೀ ಒತ್ತುತ್ತಾ, ಒಂದೇ ಜೋರಿನಲ್ಲಿ ಮೇಲಕ್ಕೆ ಬನ್ನಿ. ಗುಂಯ್ ಅಲ್ಲೂ ಇದ್ದರೆ ಕಾರಣ ವಾದ್ಯದೊಳಗಿದೆ. ಅಲ್ಲಿಲ್ಲ, ಸ್ಪೀಕರಿನಲ್ಲಿ ಮಾತ್ರ ಇದೆ ಅಂದರೆ ಕೋಣೆಯದೋ ಕೋಣೆಯೊಳಗಿನ ಸಾಮಾನಿನದೋ ಕಿತಾಪತಿ. ಈ ಪರೀಕ್ಷೆಗೆ ಐದು ನಿಮಿಷ ಸಾಕು, ಖರ್ಚೂ ಇಲ್ಲ. ಅಂಗಡಿಯವರು ಇದನ್ನು ಮಾಡಿ ನೋಡದೆ ಸ್ಪೀಕರಿನ ಬೆಲೆ ಹೇಳಿದ್ದು ನನಗಂತೂ ಸರಿ ಕಾಣಲಿಲ್ಲ.

ವಾದ್ಯದೊಳಗೆ ಅಂದರೆ ಕೆಟ್ಟಿದೆ ಎಂದರ್ಥವಲ್ಲ. ನಿಜವಾದ ಪಿಯಾನೊದಲ್ಲಿ ಒಂದು ತಂತಿ ಮಿಡಿದರೆ ನಂಟಿನ ತಂತಿಗಳೂ ಸಣ್ಣಗೆ ಮಿಡಿಯುತ್ತವೆ. ಇದಕ್ಕೆ ಅನುನಾದ ಎನ್ನುತ್ತಾರೆ. ಸಿತಾರಿನ ಕೆಳಗಿನ ತರಬ್ ತಂತಿಗಳು ತಾವಾಗಿ ಝೇಂಕರಿಸುವುದೂ ಇದೇ ಬಗೆ. ಡಿಜಿಟಲ್ ಪಿಯಾನೊ ಮಾಡುವವರು ಇದನ್ನೂ ನಕಲು ಮಾಡಿ ಸೇರಿಸಿರುತ್ತಾರೆ. ಸೆಟ್ಟಿಂಗಿನಲ್ಲಿ ಸ್ಟ್ರಿಂಗ್ ರೆಸೊನೆನ್ಸ್, ಡ್ಯಾಂಪರ್ ರೆಸೊನೆನ್ಸ್, ರಿವರ್ಬ್ ಎಂದು ಹೆಸರುಗಳಿದ್ದರೆ ಅವುಗಳನ್ನು ಇಳಿಸಿ. ರಿವರ್ಬನ್ನು ಪೂರ್ತಿ ಆರಿಸಿದರೂ ಆದೀತು, ನಿಮ್ಮ ಕೋಣೆ ತನ್ನ ಪಾಲಿನದನ್ನು ಹೇಗೂ ಸೇರಿಸುತ್ತದೆ! ಕಾಲಿನ ಪೆಡಲನ್ನೂ ನೋಡಿ. ಪೆಡಲ್ ಒತ್ತಿಕೊಂಡೇ ಸ್ವಿಚ್ ಹಾಕಿದರೆ ಕೆಲವು ವಾದ್ಯಗಳಲ್ಲಿ ಅದು ಉಲ್ಟಾ ಕೆಲಸ ಮಾಡುತ್ತದೆ, ಕಾಲು ತೆಗೆದರೂ ಸ್ವರ ನಿಲ್ಲುವುದಿಲ್ಲ. ಆರಿಸಿ, ಕಾಲು ತೆಗೆದು, ಮತ್ತೆ ಹಾಕಿ.

ಇನ್ನು ಕೋಣೆ. ನಿಮ್ಮದು 10 ಅಡಿಗೆ 10 ಅಡಿ ಎಂದು ಬರೆದಿದ್ದೀರಿ. ಶಬ್ದ ಸೆಕೆಂಡಿಗೆ ಸುಮಾರು 1125 ಅಡಿ ಓಡುತ್ತದೆ. ಆ ಗೋಡೆಗೆ ಹೋಗಿ ಈ ಗೋಡೆಗೆ ಮರಳಿದರೆ 20 ಅಡಿ. ಲೆಕ್ಕ ಹಾಕಿ: ಸೆಕೆಂಡಿಗೆ 56 ಸಲ ಓಡಾಡಿತು. 88 ಕೀಗಳ ಪಿಯಾನೊದಲ್ಲಿ ಎಡದಿಂದ ಎರಡನೆಯ ‘ಎ’ ಸ್ವರ ಸೆಕೆಂಡಿಗೆ 55 ಸಲ ಕಂಪಿಸುತ್ತದೆ, ಮೂರನೆಯ ‘ಎ’ 110 ಸಲ. ಉಯ್ಯಾಲೆಯಲ್ಲಿ ಕೂತ ಮಗುವನ್ನು ಸರಿಯಾದ ಹೊತ್ತಿಗೆ ನೂಕಿದಂತೆ, ಕೋಣೆ ಆ ಸ್ವರಗಳನ್ನೂ ಅವುಗಳ ಅಕ್ಕಪಕ್ಕದವನ್ನೂ ಎತ್ತಿ ಎತ್ತಿ ಹಾಕುತ್ತದೆ. ಉದ್ದ ಅಗಲ ಒಂದೇ ಆದರೆ ಎರಡು ಕಡೆಯಿಂದಲೂ ಒಂದೇ ಸ್ವರಕ್ಕೆ ನೂಕು. ತಾರಸಿಯೂ 10 ಅಡಿ ಎತ್ತರವಿದ್ದರೆ ಕೇಳುವುದೇ ಬೇಡ.

ಗೋಡೆಯನ್ನು ಕೆಡವಲಾಗದು, ಪಿಯಾನೊವನ್ನು ಸರಿಸಬಹುದಲ್ಲ! ಮೂಲೆಯಲ್ಲಿಟ್ಟಿದ್ದರೆ ಮೊದಲು ಅಲ್ಲಿಂದ ಎಬ್ಬಿಸಿ. ಕೆಳಸ್ವರಗಳು ಮೂಲೆಯಲ್ಲೇ ಹೆಚ್ಚು ಉಬ್ಬುತ್ತವೆ. ಫೋನನ್ನೂ ಗೋಡೆಗೆ ಒರಗಿಸಬೇಡಿ, ಕೋಣೆಯ ನಟ್ಟನಡುವೆಯೂ ಇಡಬೇಡಿ. ಗೋಡೆಯಿಂದ ಮೂರರಲ್ಲೊಂದು ಪಾಲು, ಅಂದರೆ ನಿಮ್ಮ ಕೋಣೆಯಲ್ಲಿ ಮೂರೂಕಾಲು ಅಡಿ ದೂರದಲ್ಲಿ, ಬೇರೆ ಸ್ಟೂಲಿನ ಮೇಲೆ ಮಡಿಸಿದ ಟವೆಲ್ ಹಾಕಿ ಇಡಿ. ಮಗಳ ಕೈ ವಿಡಿಯೊದಲ್ಲಿ ಕಾಣಬೇಕು, ಅದನ್ನು ನೋಡಿಕೊಂಡು ಅರ್ಧ ಅಡಿ ಆಚೀಚೆ ಮಾಡಿ. ಪಿಯಾನೊ ಮೇಲೇ ಫೋನ್ ಇಟ್ಟರೆ ಕೀ ಬಡಿಯುವ ಟಕಟಕ ಸದ್ದೂ ಸೇರುತ್ತದೆ.

ಅನೇಕ ವಾದ್ಯಗಳ ಸ್ಪೀಕರ್ ಕೆಳಮುಖವಾಗಿರುತ್ತದೆ. ಮೊಸಾಯಿಕ್ ನೆಲಕ್ಕೆ ಬಡಿದ ಸದ್ದು ಹಾಗೇ ಚಿಮ್ಮುತ್ತದೆ. ಅಡಿಯಲ್ಲಿ ದಪ್ಪ ಜಮಖಾನ ಹಾಸಿ. ಉತ್ತರ ಕರ್ನಾಟಕದ ಸೋದರಿಯರ ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇರುತ್ತದಲ್ಲ, ಅದು ಇನ್ನೂ ಮೇಲು. ಹತ್ತಿಯ ಹಾಸಿಗೆಗಳನ್ನು ಸುತ್ತಿ ಎರಡು ಮೂಲೆಗಳಲ್ಲಿ ನಿಲ್ಲಿಸಿದರೆ ಗುಂಯ್ ಸ್ವಲ್ಪ ತಗ್ಗುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಅನ್ನುವವರ ಮಾತು ಕೇಳಬೇಡಿ. ಕೆಳಸ್ವರಕ್ಕೆ ಅದು ಲೆಕ್ಕಕ್ಕೇ ಇಲ್ಲ, ಧೂಳು ಹೊಡೆಯುವ ಕೆಲಸ ಮಾತ್ರ ನಮ್ಮ ತಲೆಗೆ.

ಗುಂಯ್ ಬೇರೆ, ಝರ್ ಅನ್ನುವುದು ಬೇರೆ. ಯಾವುದೋ ಒಂದೇ ಕೀಗೆ ಝರ್ ಅಂದರೆ ಸಾಮಾನೇ ಅಪರಾಧಿ. ಮಗಳು ಆ ಕೀಯನ್ನೇ ಒತ್ತುತ್ತಿರಲಿ, ನೀವು ಕೋಣೆ ಸುತ್ತುತ್ತಾ ಒಂದೊಂದನ್ನೂ ಬೆರಳಿಂದ ಒತ್ತಿ ಹಿಡಿಯಿರಿ. ಕಿಟಕಿಯ ಗಾಜು, ಷೋಕೇಸಿನ ಲೋಟಗಳು, ಬೀರುವಿನ ಬಾಗಿಲು, ದೇವರ ಪಟದ ಫ್ರೇಮು, ಸ್ಟ್ಯಾಂಡಿನ ಸಡಿಲ ತಿರುಪು. ಯಾವುದನ್ನು ಮುಟ್ಟಿದಾಗ ಸದ್ದು ನಿಂತಿತೋ ಅದೇ! ಲೋಟಗಳ ನಡುವೆ ಬಟ್ಟೆ ತುರುಕಿ, ಗಾಜಿನ ಸಂದಿಗೆ ರಟ್ಟಿನ ಚೂರು ಸಿಕ್ಕಿಸಿ. ಪಿಯಾನೊ ಪ್ಲೈವುಡ್ ಮೇಜಿನ ಮೇಲಿದ್ದರೆ ಮೇಜೇ ತಮಟೆಯಾಗುತ್ತದೆ. ಸವೆದ ಹವಾಯಿ ಚಪ್ಪಲಿಯಿಂದ ನಾಲ್ಕು ತುಂಡು ಕತ್ತರಿಸಿ ನಾಲ್ಕು ಕಡೆ ಕೊಟ್ಟರೆ ಸಾಕು.

ಎದುರಿಗೆ ಚೆನ್ನಾಗಿ ಕೇಳಿಸಿದ್ದು ಫೋನಿನಲ್ಲೇಕೆ ಕೆಟ್ಟಿತು ಎಂದೂ ಕೇಳಿದ್ದೀರಿ. ನಮ್ಮ ಕಿವಿಗೆ ಮನೆಯ ಸದ್ದು ರೂಢಿ, ಬೇಡದ್ದನ್ನು ಹಿಂದೆ ಸರಿಸುತ್ತದೆ. ಫೋನಿಗೆ ಆ ಜಾಣತನವಿಲ್ಲ. ಜೊತೆಗೆ ಎಷ್ಟೋ ಫೋನುಗಳು ಸದ್ದು ಕಡಿಮೆಯಾದಾಗ ತಾವಾಗಿ ಹಿಗ್ಗಿಸುತ್ತವೆ, ಸ್ವರದ ಬಾಲದಲ್ಲಿ ಉಳಿದ ಮೊರೆತವೂ ಹಿಗ್ಗುತ್ತದೆ. ಪಿಯಾನೊದ ವಾಲ್ಯೂಮ್ ಅರ್ಧಕ್ಕಿಳಿಸಿ ಒಂದು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲೇ ಕೇಳಿ ತೀರ್ಮಾನಿಸಿ. ಫೋನಿನ ಪುಟ್ಟ ಸ್ಪೀಕರಿಗೆ ಆ ಕೆಳಸ್ವರ ಹೊರಡಿಸಲು ತಾಕತ್ತಿಲ್ಲ.

ಕೀ ಮುಟ್ಟದಿದ್ದರೂ ಒಂದೇ ಸಮ ಹೂಂ ಅನ್ನುತ್ತಿದ್ದರೆ ಅದು ಕರೆಂಟಿನ ಸದ್ದು. ವೈರು ಹಾಕಿ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡುವವರು ಚಾರ್ಜರ್ ಕಿತ್ತು ನೋಡಿ.

ಇಷ್ಟೆಲ್ಲ ಮಾಡಿ, ಬೇರೆ ಕೋಣೆಗೆ ಒಯ್ದರೂ ಹೆಡ್‌ಫೋನಿನಲ್ಲಿ ಶುದ್ಧವಾಗಿರುವ ಸ್ವರ ಸ್ಪೀಕರಿನಲ್ಲಿ ಮಾತ್ರ ಹರಿದ ಹಾಗೆ ಬಂದರೆ, ಆಗ ಅಂಗಡಿಯವರ ಮಾತು ನಿಜವಿದ್ದೀತು. ಹೋಗುವಾಗ ಬಿಲ್ಲು, ವಾರಂಟಿ ಕಾರ್ಡು ಎರಡನ್ನೂ ತೆಗೆದುಕೊಂಡು ಹೋಗಿ.