ಮೊದಲು ಮುಟ್ಟಿ ನೋಡಿ, ಆಮೇಲೆ ಕೋಷ್ಟಕ ತುಂಬಿ



ವಿಜ್ಞಾನ ಪಾಠದಲ್ಲಿ ನೀವು ಎಷ್ಟೋ ಕೋಷ್ಟಕಗಳನ್ನು ತುಂಬಿರುತ್ತೀರಿ. ಎಡಗಡೆ ವಸ್ತುವಿನ ಹೆಸರು. ಬಲಗಡೆ ‘ತೇಲುತ್ತದೆ – ಮುಳುಗುತ್ತದೆ’, ‘ಕಾಂತಕ್ಕೆ ಅಂಟುತ್ತದೆ – ಅಂಟುವುದಿಲ್ಲ’, ‘ಬೆಳಕು ಹಾಯುತ್ತದೆ – ಹಾಯುವುದಿಲ್ಲ’. ಒಂದು ಪ್ರಶ್ನೆ ಕೇಳುತ್ತೇನೆ, ನಿಜ ಹೇಳಿ. ಆ ಕೋಷ್ಟಕ ತುಂಬುವ ಮೊದಲು ಅದರಲ್ಲಿರುವ ಎಷ್ಟು ವಸ್ತುಗಳನ್ನು ನೀವು ಕೈಯಲ್ಲಿ ಹಿಡಿದು ಪರೀಕ್ಷಿಸಿದ್ದೀರಿ?

ನಾನು ವಿಜ್ಞಾನ ಸಂಪನ್ಮೂಲ ಶಿಕ್ಷಕನಾಗಿ ಜಿಲ್ಲೆಯ ಶಾಲೆಗಳಿಗೆ ಹೋಗುತ್ತಿರುತ್ತೇನೆ. ಹೋದಲ್ಲೆಲ್ಲ ಮಕ್ಕಳ ನೋಟ್‌ಬುಕ್ ತೆರೆದು ನೋಡುವುದು ನನ್ನ ಅಭ್ಯಾಸ. ಎಷ್ಟೋ ಕಡೆ ಇಡೀ ತರಗತಿಯ ಪುಸ್ತಕಗಳಲ್ಲಿ ಒಂದೇ ಉತ್ತರ, ಒಂದೇ ಕ್ರಮ. ಕಾಗುಣಿತದ ತಪ್ಪು ಕೂಡ ಒಂದೇ! ಕಪ್ಪುಹಲಗೆಯಿಂದಲೋ ಗೈಡಿನಿಂದಲೋ ಇಳಿಸಿಕೊಂಡದ್ದು. ಕಾಂತದ ತುಂಡುಗಳು ಮಾತ್ರ ಬೀರುವಿನೊಳಗೆ ಡಬ್ಬದಲ್ಲಿ ಭದ್ರವಾಗಿರುತ್ತವೆ.

ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮುಟ್ಟಿ ನೋಡದೆ ತುಂಬಿದ ಕೋಷ್ಟಕಕ್ಕಿಂತ ಖಾಲಿ ಕೋಷ್ಟಕವೇ ಮೇಲು. ಹೀಗೆ ಹೇಳಲು ನನಗೊಂದು ಕಾರಣವಿದೆ. ಅದು ನಾನೇ ಮಾಡಿದ ತಪ್ಪು.

ಕೆಂಪು ಗೆರೆಯ ಕತೆ

ಸುಮಾರು 20 ವರ್ಷಗಳ ಹಿಂದಿನ ಮಾತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಆರನೇ ತರಗತಿಗೆ ಕಾಂತದ ಪಾಠ ಮಾಡಿ, ಕೋಷ್ಟಕ ತುಂಬಿಕೊಂಡು ಬರಲು ಹೇಳಿದ್ದೆ. ಒಬ್ಬ ಹುಡುಗಿ ‘ಸ್ಟೀಲ್ ಲೋಟ – ಅಂಟುವುದಿಲ್ಲ’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದೆ. “ಸ್ಟೀಲಿನಲ್ಲಿ ಕಬ್ಬಿಣ ಇರುತ್ತದೆ. ಕಬ್ಬಿಣ ಇದ್ದರೆ ಕಾಂತಕ್ಕೆ ಅಂಟಲೇಬೇಕು” ಎಂದೆ.

“ಸಾರ್, ನಾನು ಮನೆಯಲ್ಲಿ ಹಿಡಿದು ನೋಡಿದೆ. ಅಂಟಲಿಲ್ಲ ಸಾರ್” ಎಂದಳು.

“ನಿನ್ನ ಕಾಂತವೇ ಸತ್ತುಹೋಗಿರಬೇಕು” ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಅವಳು ತಲೆ ತಗ್ಗಿಸಿ ಕುಳಿತಳು.

ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಮನಸ್ಸಿನಲ್ಲಿ ಏನೋ ಕೊರೆಯಿತು. ಮೇಜಿನ ಮೇಲಿದ್ದ ಕಾಂತ ತೆಗೆದು ಚಮಚಕ್ಕೆ ಹಿಡಿದೆ, ಅಂಟಿತು. ಡಬ್ಬಿಗೆ ಹಿಡಿದೆ, ಜಾರಿ ಬಿತ್ತು. ಎರಡೂ ಸ್ಟೀಲೇ! ಎಂ.ಎಸ್ಸಿ. ಓದಿದ ನನಗಿಂತ ಆ ಹುಡುಗಿಯ ನೋಟ್‌ಬುಕ್ಕೇ ಸರಿಯಾಗಿತ್ತು.

ಮಾರನೇ ದಿನ ಅವಳ ಪುಸ್ತಕದಲ್ಲಿ ಗುರುತು ತಿದ್ದಿ ಕೊಟ್ಟೆ. ಆದರೆ ನಕ್ಕ ತರಗತಿಯ ಮುಂದೆ “ತಪ್ಪು ನನ್ನದು” ಎಂದು ಹೇಳುವ ಧೈರ್ಯ ಮಾಡಲಿಲ್ಲ. ಆ ವರ್ಷವಿಡೀ ಅವಳು ಮತ್ತೆ ಕೈ ಎತ್ತಲಿಲ್ಲ. ಅವಳ ಕೋಷ್ಟಕಗಳೂ ಉಳಿದವರಂತೆ ಗೈಡಿನ ಹಾಗೆಯೇ ಬರತೊಡಗಿದವು. ಇಂದಿಗೂ ನನಗೆ ಬೇಸರವಿರುವುದು ಇದಕ್ಕೇ.

ಲೋಟದ ಗುಟ್ಟೇನು?

ನಮ್ಮ ಅಡುಗೆಮನೆಯ ಪಾತ್ರೆಗಳು ಸ್ಟೇನ್‌ಲೆಸ್ ಸ್ಟೀಲಿನವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಬ್ಬಿಣವೇ ಇರುತ್ತದೆ. ತುಕ್ಕು ಹಿಡಿಯದಿರಲಿ ಎಂದು ಕ್ರೋಮಿಯಂ ಸೇರಿಸುತ್ತಾರೆ. ಒಂದು ಬಗೆಯ ಸ್ಟೀಲಿಗೆ ನಿಕ್ಕಲ್ ಕೂಡ ಸೇರಿಸುತ್ತಾರೆ. ಕೆಲವು ಪಾತ್ರೆಗಳ ತಳದಲ್ಲಿ ‘18/8’ ಎಂದು ಒತ್ತಿರುವುದನ್ನು ಹುಡುಕಿ ನೋಡಿ. ನೂರರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಎಂದು ಅದರ ಅರ್ಥ. ಇಷ್ಟು ನಿಕ್ಕಲ್ ಸೇರಿದಾಗ ಒಳಗಿನ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಆಗ ಕಬ್ಬಿಣವಿದ್ದರೂ ಕಾಂತ ಅದನ್ನು ಬಲವಾಗಿ ಎಳೆಯುವುದಿಲ್ಲ. ನಿಕ್ಕಲ್ ಇಲ್ಲದ ಸ್ಟೀಲಿನ ಚಮಚ ಟಕ್ಕನೆ ಅಂಟುತ್ತದೆ.

ಇನ್ನೂ ಒಂದು ಸ್ವಾರಸ್ಯವಿದೆ. ಅಂಟದ ಲೋಟದ ಅಂಚಿಗೆ, ಅಂದರೆ ಬಾಗಿಸಿ ಒತ್ತಿದ ಜಾಗಕ್ಕೆ, ಕಾಂತ ಹಿಡಿಯಿರಿ. ಅಲ್ಲಿ ಕೊಂಚ ಎಳೆದಂತೆ ಅನಿಸಬಹುದು. ಬಾಗಿಸಿ ಒತ್ತಿದಾಗ ಆ ಭಾಗದ ಜೋಡಣೆ ಸ್ವಲ್ಪ ಬದಲಾಗಿರುತ್ತದೆ. ಯಾವ ಗೈಡಿನಲ್ಲಿ ಇದು ಸಿಗುತ್ತದೆ ಹೇಳಿ?

ಮಾಡಿ ನೋಡಿ

1. ನಾಣ್ಯ ಮತ್ತು ಕಾಂತ: ಸ್ಟೀಲಿನ 1 ರೂಪಾಯಿ ನಾಣ್ಯ ಕಾಂತಕ್ಕೆ ಅಂಟುತ್ತದೆ. 10 ರೂಪಾಯಿ ನಾಣ್ಯದಲ್ಲಿ ಎರಡು ಲೋಹದ ಭಾಗಗಳಿವೆ. ಹೊರಗಿನ ಉಂಗುರವನ್ನೂ ನಡುವಿನ ಬಿಲ್ಲೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಬೇರೆ ಬೇರೆ ವರ್ಷದ ನಾಣ್ಯಗಳನ್ನೂ ನೋಡಿ. ಉತ್ತರ ನಾನು ಹೇಳುವುದಿಲ್ಲ.

2. ಜೇಡಿಮಣ್ಣಿನ ಉಂಡೆ: ನಾದಿದ ಜೇಡಿಮಣ್ಣಿನಿಂದ ನಿಂಬೆಗಾತ್ರದ ಉಂಡೆ ಮಾಡಿ ನೀರಿಗೆ ಹಾಕಿ. ಮುಳುಗುತ್ತದೆ. ಅದೇ ಮಣ್ಣನ್ನು ತಟ್ಟಿ ತೆಳುವಾದ ಬಟ್ಟಲು ಮಾಡಿ ಮೆಲ್ಲಗೆ ನೀರಿನ ಮೇಲಿಡಿ. ತೇಲುತ್ತದೆ (ಬೇಗ ನೋಡಿ, ತಡವಾದರೆ ನೆನೆದುಬಿಡುತ್ತದೆ). ಮಣ್ಣೂ ಅದೇ, ತೂಕವೂ ಅದೇ. ಬಟ್ಟಲು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುವುದರಿಂದ ತೇಲಿತು. ಕಬ್ಬಿಣದ ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ತೇಲುತ್ತದೆ. ಹಾಗಾದರೆ ತೇಲುವುದು ಪದಾರ್ಥದ ಗುಣವೋ, ವಸ್ತುವಿನ ಆಕಾರಕ್ಕೂ ಅದರಲ್ಲಿ ಪಾಲಿದೆಯೋ? ಯೋಚಿಸಿ.

3. ಮೊಟ್ಟೆ ಮತ್ತು ಉಪ್ಪು: ತಾಜಾ ಮೊಟ್ಟೆ ನೀರಿನಲ್ಲಿ ಮುಳುಗುತ್ತದೆ. ನೀರಿಗೆ ಚಮಚ ಚಮಚವಾಗಿ ಉಪ್ಪು ಹಾಕಿ ಕದಡುತ್ತಾ ಬನ್ನಿ. ಒಂದು ಹಂತದಲ್ಲಿ ಮೊಟ್ಟೆ ಮೇಲೇಳುತ್ತದೆ. ಉಪ್ಪುನೀರಿನ ಸಾಂದ್ರತೆ ಹೆಚ್ಚಾದದ್ದೇ ಇದಕ್ಕೆ ಕಾರಣ. ಭತ್ತ ಬೆಳೆಯುವ ರೈತರು ಇದೇ ಉಪಾಯದಿಂದ ಬೀಜ ಆರಿಸುತ್ತಾರೆ. ಮೊಟ್ಟೆ ತೇಲುವಷ್ಟು ಉಪ್ಪುನೀರಿಗೆ ಭತ್ತ ಸುರಿದರೆ ಜೊಳ್ಳು ಮೇಲೆ, ಗಟ್ಟಿ ಕಾಳು ಕೆಳಗೆ. ಗಟ್ಟಿ ಕಾಳನ್ನು ಒಳ್ಳೆಯ ನೀರಿನಲ್ಲಿ ತೊಳೆದು ಬಿತ್ತನೆಗೆ ಬಳಸುತ್ತಾರೆ.

4. ಕಿಟಕಿಯ ಸರಳು: ಬೆಳಿಗ್ಗೆ ನೆರಳಿನಲ್ಲಿರುವ ಕಿಟಕಿಯ ಕಬ್ಬಿಣದ ಸರಳನ್ನೂ ಮರದ ಚೌಕಟ್ಟನ್ನೂ ಮುಟ್ಟಿ. ಸರಳು ಹೆಚ್ಚು ತಣ್ಣಗಿದೆ ಅನಿಸುತ್ತದೆ. ಆದರೆ ರಾತ್ರಿಯಿಡೀ ಒಂದೇ ಜಾಗದಲ್ಲಿದ್ದ ಇವೆರಡರ ತಾಪ ಹೆಚ್ಚುಕಡಿಮೆ ಒಂದೇ. ಕಬ್ಬಿಣ ಒಳ್ಳೆಯ ಉಷ್ಣವಾಹಕ. ನಿಮ್ಮ ಬೆರಳಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಅಂದರೆ ಮುಟ್ಟಿ ನೋಡಿದರಷ್ಟೇ ಸಾಲದು, ಕೆಲವೊಮ್ಮೆ ಅಳೆದೂ ನೋಡಬೇಕು.

ಎಚ್ಚರಿಕೆ: ಗೊತ್ತಿಲ್ಲದ ವಸ್ತುವನ್ನು ಬಾಯಿಗೆ ಹಾಕಬೇಡಿ. ಸಣ್ಣ ಕಾಂತಗಳನ್ನು ಪುಟ್ಟ ಮಕ್ಕಳ ಕೈಗೆ ಕೊಡಬೇಡಿ, ನುಂಗಿದರೆ ಅಪಾಯ.

“ಸಮಯ ಎಲ್ಲಿದೆ, ಸಾಮಾನು ಎಲ್ಲಿದೆ?”

ಈ ಪ್ರಶ್ನೆ ನಿಮ್ಮ ಶಿಕ್ಷಕರೂ ಕೇಳಬಹುದು. ನಾನೂ ಶಿಕ್ಷಕನೇ, ಅವರ ಕಷ್ಟ ನನಗೆ ಗೊತ್ತು. ಪಾಠ ಮುಗಿಸಬೇಕು, ದಾಖಲೆ ಬರೆಯಬೇಕು. ಆದರೆ ಮೇಲಿನ ನಾಲ್ಕರಲ್ಲಿ ಕಾಂತ ಬಿಟ್ಟರೆ ಉಳಿದದ್ದೆಲ್ಲ ಮನೆಯಲ್ಲೇ ಸಿಗುವಂಥದ್ದು. ಕೆಟ್ಟುಹೋದ ಸ್ಪೀಕರಿನಲ್ಲಿ ಕಾಂತವೂ ಸಿಗುತ್ತದೆ.

ಇದು ಆಗುವ ಕೆಲಸ ಎಂದು ನಮ್ಮ ದೇಶದ ಸರ್ಕಾರಿ ಶಾಲೆಗಳೇ ತೋರಿಸಿವೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ (ಈಗಿನ ಹೆಸರು ನರ್ಮದಾಪುರಂ) 16 ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಆರಂಭವಾಯಿತು. 6ರಿಂದ 8ನೇ ತರಗತಿಯ ಮಕ್ಕಳು ಗುಂಪು ಗುಂಪಾಗಿ ಪ್ರಯೋಗ ಮಾಡಿ, ಚರ್ಚಿಸಿ, ಉತ್ತರವನ್ನು ತಮ್ಮ ಮಾತಿನಲ್ಲೇ ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು. ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು! 1978ರಲ್ಲಿ ಅಲ್ಲಿಗೆ ಬಂದ ಅರವಿಂದ ಗುಪ್ತಾ ಎಂಬ ಇಂಜಿನಿಯರ್, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಎಷ್ಟೋ ಆಕೃತಿಗಳನ್ನು ಕಟ್ಟಿ ತೋರಿಸಿದರು. ಆ ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು. ಆದರೆ ಅದು ಕಲಿಸಿದ ಪಾಠ ನಿಲ್ಲಬೇಕಾಗಿಲ್ಲ.

“ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಲಿ?”

ಇದು ನಿಮ್ಮ ಪ್ರಶ್ನೆ ಎಂದು ಗೊತ್ತು. ನೀವು ನೋಡಿದ್ದನ್ನು ಪೂರ್ತಿಯಾಗಿ ಬರೆಯಿರಿ. ‘ಕಬ್ಬಿಣದ ಮೊಳೆ ಅಂಟಿತು. ನಮ್ಮ ಮನೆಯ ಸ್ಟೀಲ್ ಲೋಟ ಅಂಟಲಿಲ್ಲ’ ಎಂದರೆ ಅದು ವಿಜ್ಞಾನ. ಒಂದು ಅಂಕ ಹೋಗಲೂಬಹುದು. ಹೋದರೆ ಜಗಳ ಬೇಡ, ಅಳುವುದೂ ಬೇಡ. ಲೋಟ ಮತ್ತು ಕಾಂತ ತೆಗೆದುಕೊಂಡು ಹೋಗಿ, “ಸಾರ್, ಇದನ್ನು ಒಮ್ಮೆ ನೋಡುತ್ತೀರಾ?” ಎಂದು ವಿನಯದಿಂದ ಕೇಳಿ. ನೋಡಿದ ಮೇಲೆ ನಿಮ್ಮ ಶಿಕ್ಷಕರಿಗೂ ಖುಷಿಯಾಗುತ್ತದೆ. ಅಂದು ಆ ಹುಡುಗಿ ಲೋಟ ತಂದಿದ್ದರೆ ನಾನು ನಕ್ಕು ಸುಮ್ಮನಾಗಲು ಆಗುತ್ತಿರಲಿಲ್ಲ.

ಹಾಗೆಂದು ನೀವು ನೋಡಿದ್ದೇ ಯಾವಾಗಲೂ ಸರಿ ಎಂದಲ್ಲ. ಕಣ್ಣೂ ಕೈಯೂ ಮೋಸ ಹೋಗುತ್ತವೆ. ಕಿಟಕಿಯ ಸರಳು ಅದನ್ನೇ ಹೇಳಿತು. ಆದ್ದರಿಂದ ನಾಲ್ಕು ಮಾತು ನೆನಪಿಡಿ. ಮೊದಲು ಪೆನ್ಸಿಲಿನಿಂದ ನಿಮ್ಮ ಊಹೆ ಬರೆಯಿರಿ. ಆಮೇಲೆ ಕನಿಷ್ಠ ಮೂರು ಸಲ ಮಾಡಿ ನೋಡಿ. ಗೆಳೆಯರಿಂದಲೂ ಮಾಡಿಸಿ, ಫಲಿತಾಂಶ ಹೋಲಿಸಿ. ಊಹೆ ತಪ್ಪಾಗಿದ್ದರೆ ಅದನ್ನು ಅಳಿಸಬೇಡಿ. ಪಕ್ಕದಲ್ಲಿ ಕಂಡದ್ದನ್ನು ಬರೆಯಿರಿ. ತಪ್ಪಾದ ಊಹೆ ಅವಮಾನವಲ್ಲ, ನೀವು ಹೊಸದೊಂದನ್ನು ಕಲಿತ ಗುರುತು.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ ಎಂದು ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿಸಲಾಯಿತು. ದೊಡ್ಡ ಮಾತು ಎಂದು ಹೆದರಬೇಡಿ. ಅದು ಶುರುವಾಗುವುದು ಒಂದು ಲೋಟ, ಒಂದು ಕಾಂತ ಹಿಡಿದು “ನೋಡೋಣ” ಎನ್ನುವಲ್ಲಿ.

ಇಂದು ಸಂಜೆ ಅಡುಗೆಮನೆಗೆ ಹೋಗಿ ಹತ್ತು ಪಾತ್ರೆಗಳಿಗೆ ಕಾಂತ ಹಿಡಿದು ನೋಡಿ. ನಾಳೆ ತರಗತಿಯಲ್ಲಿ ನಿಮ್ಮ ಕೋಷ್ಟಕ ಪಕ್ಕದವರ ಕೋಷ್ಟಕದಂತೆ ಇಲ್ಲದಿದ್ದರೆ ಗಾಬರಿಯಾಗಬೇಡಿ. ಕೈ ಎತ್ತಿ ಹೇಳಿ. ಎತ್ತುತ್ತೀರಲ್ಲವೇ?