ಆಟಿ ತಿಂಗಳಲ್ಲಿ ಕೋಲ ಕೇಳಿದವರು

ನಮ್ಮ ವಿಭಾಗದಲ್ಲಿ ಈ ವರ್ಷವೂ ಎಂ.ಎ. ವಿದ್ಯಾರ್ಥಿಗಳ ಅಧ್ಯಯನ ಪ್ರವಾಸ ಕರಾವಳಿಗೇ ಎಂದು ತೀರ್ಮಾನವಾಯಿತು. ಸಂಶೋಧನಾ ವಿದ್ಯಾರ್ಥಿನಿಯಾದ ನನಗೆ ಜೊತೆಗೆ ಹೋಗುವ ಕೆಲಸ. ಹೊರಡುವ ಮೊದಲು ಎರಡು ವಾರ, ದಿನಕ್ಕೆ ಒಂದು ಗಂಟೆ, ಕರಾವಳಿಯ ಬಗ್ಗೆ ಕೂತು ಓದೋಣ ಎಂದು ಸಭೆಯಲ್ಲಿ ಕೇಳಿದೆ. ಹಿರಿಯರೊಬ್ಬರು ನಕ್ಕು, ‘ಎಲ್ಲಾ ಇಲ್ಲೇ ಓದಿಬಿಟ್ಟರೆ ಅಲ್ಲಿಗೆ ಯಾಕೆ ಹೋಗಬೇಕಮ್ಮಾ? ಹುಡುಗರು ಖಾಲಿ ಮನಸ್ಸಿನಿಂದ ಹೋಗಲಿ, ತಾಜಾ ಕಣ್ಣಿನಿಂದ ನೋಡಲಿ’ ಎಂದರು. ಉಳಿದವರು ತಲೆಯಾಡಿಸಿದರು. ಕೊನೆಗೆ ಪೂರ್ವಸಿದ್ಧತೆಗೆ ಸಿಕ್ಕಿದ್ದು ಅರ್ಧ ಗಂಟೆ. ಅದೂ ಬಸ್ಸು, ತಲಾ ಎಷ್ಟು ದುಡ್ಡು, ವಾಂತಿ ಮಾತ್ರೆ ಮತ್ತು ಸಮುದ್ರಕ್ಕೆ ಇಳಿಯಬಾರದೆಂಬ ಎಚ್ಚರಿಕೆಗೆ.

ಈ ‘ಖಾಲಿ ಮನಸ್ಸು’ ಎಂಬ ಮಾತಿನ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟು ನನ್ನ ಮೇಲಿನದೂ ಹೌದು.

ನಾನು ಎಂ.ಎ. ಓದುವಾಗ ನಮ್ಮನ್ನೂ ಹೀಗೆಯೇ ಕರೆದುಕೊಂಡು ಹೋಗಿದ್ದರು. ಜುಲೈ ಕೊನೆಯ ವಾರ. ಆ ತಿಂಗಳು ಯಾಕೆ ಎಂದರೆ ಸೆಮಿಸ್ಟರ್ ಮುಗಿದಿತ್ತು, ದುಡ್ಡಿನ ಲೆಕ್ಕ ಕೊಡಬೇಕಿತ್ತು, ಅಷ್ಟೇ. ನಾವೆಲ್ಲ ಬಯಲುಸೀಮೆಯವರು. ಮಲ್ಪೆ ಬಂದರಿಗೆ ಇಳಿದರೆ ದೋಣಿಗಳೆಲ್ಲ ಒಂದಕ್ಕೊಂದು ಕಟ್ಟಿಸಿಕೊಂಡು ಸಾಲಾಗಿ ನಿಂತಿವೆ. ನಮ್ಮಲ್ಲೊಬ್ಬ, ‘ಇವತ್ತೇನು ರಜಾನಾ ಇವರಿಗೆ? ಮಳೆ ಬಂದ್ರೆ ಕೆಲಸ ಬಿಡ್ತಾರಾ?’ ಎಂದ. ಬಲೆ ಹೊಲಿಯುತ್ತ ಕೂತಿದ್ದವರು ತಲೆ ಎತ್ತಿ ನೋಡಿ ಮತ್ತೆ ಬಲೆಗೆ ಕೈ ಹಾಕಿದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಹಾಕುವ ಕಾಲ, ಕಡಲು ಕೆರಳಿರುವ ಕಾಲ. ಕನ್ನಡ ಪತ್ರಿಕೆಗಳಲ್ಲಿ ವರ್ಷವರ್ಷವೂ ಬರುವ ಸುದ್ದಿ ಇದು. ನಮ್ಮ ಇಪ್ಪತ್ತೆಂಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಹೋಟೆಲಿನಲ್ಲಿ ‘ಕರಾವಳಿಯ ತಾಜಾ ಮೀನು’ ಎಂದು ಚಪ್ಪರಿಸಿದೆವು. ನಾಡದೋಣಿಯವರು ದಡದ ಬಳಿ ಹಿಡಿದದ್ದಲ್ಲದಿದ್ದರೆ ಅದು ಪೂರ್ವ ಕರಾವಳಿಯಿಂದ ಲಾರಿ ಹತ್ತಿ ಬಂದದ್ದಿರಬೇಕು. ಅಲ್ಲಿನ ನಿಷೇಧ ಜೂನ್ ಮಧ್ಯಕ್ಕೇ ಮುಗಿದಿರುತ್ತದೆ.

ಮರುದಿನದ್ದು ಇನ್ನೂ ಕೆಟ್ಟದ್ದು. ದೈವಕ್ಕೆ ಕಟ್ಟುವ ಹಿರಿಯರೊಬ್ಬರ ಮನೆಗೆ ಯಾರೋ ಪರಿಚಯದವರು ಕರೆದೊಯ್ದರು. ಹೊರಗೆ ಒಂದೇ ಸಮ ಮಳೆ. ಇಪ್ಪತ್ತೆಂಟು ಜನ ಅವರ ಜಗಲಿಯ ಮೇಲೆ ಒದ್ದೆ ಕಾಲಿನಲ್ಲಿ ಕೂತೆವು. ಮೊದಲ ಪ್ರಶ್ನೆ ಕೇಳಿದವಳು ನಾನೇ: ‘ಅಜ್ಜಾ, ಒಂಚೂರು ಕೋಲ ಮಾಡಿ ತೋರಿಸ್ತೀರಾ? ವಿಡಿಯೋ ಮಾಡ್ಕೊತೀವಿ.’ ಅವರು ಸಿಟ್ಟಾಗಲಿಲ್ಲ. ‘ಪತ್ತನಾಜೆ ಕಳೀತಲ್ಲ ಮಗಾ. ಗಗ್ಗರ ಒಳಗೆ ಇಟ್ಟಾಗಿದೆ. ಈಗ ಆಟಿ. ಈಗ ಬಂದ್ರೆ ಎಂತ ಸಿಗ್ತದೆ ನಿಮಗೆ?’ ಎಂದರು. ಪತ್ತನಾಜೆ ಎಂದರೇನೆಂದು ನನಗೆ ತಿಳಿದಿರಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಚಹಾ ಕೊಟ್ಟರು, ಕುಡಿದು ಬಂದೆವು.

ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ವಾರಕ್ಕೆ ಬೀಳುತ್ತದೆ. ಅಲ್ಲಿಗೆ ಕೋಲ, ನೇಮ, ಜಾತ್ರೆಗಳು ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ, ಬೇಸಾಯ. ಆಟಿ ಬಂದರೆ ಕೊರತೆಯ ತಿಂಗಳು: ನಾಟಿ ಮುಗಿದಿದೆ, ಕೊಯ್ಲು ದೂರವಿದೆ. ಹಳಬರಿಗೆ ಅದು ಹಸಿವಿನ ತಿಂಗಳು. ಅದೇ ತಿಂಗಳಲ್ಲಿ ಆಟಿ ಕಳೆಂಜ ಮನೆಮನೆಗೆ ಬಂದು ಮಾರಿ ಕಳೆಯುತ್ತಾನೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತಾರೆ. ಅಂದರೆ ನಾವು ಹೋದ ತಿಂಗಳಲ್ಲಿ ಕೇಳಬೇಕಾದದ್ದು, ನೋಡಬೇಕಾದದ್ದು ಬೇಕಾದಷ್ಟಿತ್ತು. ಆ ಅಜ್ಜನ ಹತ್ತಿರ ಆಟಿಯ ಬಗ್ಗೆ ಕೇಳಿದ್ದರೆ ಮಧ್ಯಾಹ್ನವಿಡೀ ಮಾತಾಡುತ್ತಿದ್ದರೇನೋ. ನಾವು ಇಲ್ಲದ ಕೋಲ ಕೇಳಿದೆವು. ನಮ್ಮ ಮನಸ್ಸು ಖಾಲಿಯಾಗಿತ್ತು ಎಂದು ಯಾರು ಹೇಳಿದ್ದು? ಅದರ ತುಂಬ ಫೋಟೋಗಳಿದ್ದವು, ಪೋಸ್ಟರುಗಳಿದ್ದವು, ಟೂರಿಸಂ ಜಾಹೀರಾತಿನ ಸಂಜೆಗೆಂಪಿನ ಬೀಚ್ ಇತ್ತು. 2022ರಲ್ಲಿ ‘ಕಾಂತಾರ’ ಬಂದ ಮೇಲಂತೂ ಘಟ್ಟದ ಮೇಲಿನ ಹುಡುಗರಿಗೆ ತುಳುನಾಡೆಂದರೆ ಒಂದು ಕೂಗು. ಸಿನಿಮಾದ ತಪ್ಪಲ್ಲ ಅದು. ಸಿನಿಮಾ ಒಂದನ್ನೇ ನೋಡಿ ಬಸ್ಸು ಹತ್ತುವವರದ್ದು. ಮನೆಯಲ್ಲಿ ಕೂತು ಓದದವನ ಕಣ್ಣು ತಾಜಾ ಕಣ್ಣಲ್ಲ, ಬೇರೆ ಯಾರೋ ಈಗಾಗಲೇ ನೋಡಿ ಬಿಸಾಡಿದ ಕಣ್ಣು.

ಇನ್ನೊಂದು ಮಾತು, ಅಷ್ಟೇನೂ ಹಿತವಲ್ಲದ್ದು. ನಾವು ‘ಒಂಚೂರು ಮಾಡಿ ತೋರಿಸಿ’ ಎಂದು ಕೇಳುವುದು ಯಾರನ್ನು? ಪರವ, ಪಂಬದ, ನಲಿಕೆಯವರನ್ನು. ರಾತ್ರಿ ದೈವವಾಗಿ ನುಡಿದಾಗ ಊರ ಗುತ್ತಿನವರೂ ಅವರೆದುರು ಕೈಮುಗಿದು ನಿಲ್ಲುತ್ತಾರೆ, ಬೆಳಗಾದರೆ ಅವರೇ ಅಂಗಳದಾಚೆ ನಿಲ್ಲಬೇಕಾದ ದಿನಗಳಿದ್ದವು. ಇದನ್ನು ಒಂದು ಸಂಜೆ ಓದಿಕೊಂಡು ಹೋಗಿದ್ದರೂ ಆ ಜಗಲಿಯಲ್ಲಿ ನನ್ನ ಬಾಯಿಂದ ಆ ವಾಕ್ಯ ಹೊರಡುತ್ತಿರಲಿಲ್ಲ.

‘ಓದಿದರೆ ಪೂರ್ವಗ್ರಹ ಹುಟ್ಟುತ್ತದೆ’ ಎನ್ನುವವರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಎ.ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಬರಹಗಳು 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದಾಗ ಅವುಗಳ ಶೀರ್ಷಿಕೆಯೇ ‘ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್’. ಅದೊಂದನ್ನೇ ಓದಿದವನು ದೆವ್ವ ಹುಡುಕಿಕೊಂಡೇ ಹೋಗುತ್ತಾನೆ. ಆದರೆ ಓದದವನೂ ಆ ‘ಡೆವಿಲ್’ನಿಂದ ತಪ್ಪಿಸಿಕೊಂಡಿಲ್ಲ. ‘ಡೆವಿಲ್ ಡಾನ್ಸ್’ ಎಂಬ ಹೆಸರು ಗೈಡುಗಳ ಬಾಯಲ್ಲಿ ಇನ್ನೂ ಇದೆ. ಅದು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಓದಲೇಬೇಕು. ಒಂದು ಪುಸ್ತಕ ಕೊಟ್ಟ ರೋಗಕ್ಕೆ ಮದ್ದು ಎರಡನೆಯ ಪುಸ್ತಕ. ಬರ್ನೆಲ್ ಪಕ್ಕದಲ್ಲೇ, 1886ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ತುಳು ಪಾಡ್ದನಗಳಿವೆ. ಅದೇ ವರ್ಷದ ಮೆನ್ನರನ ತುಳು ನಿಘಂಟು ಇದೆ.

ಇನ್ನು ‘ಕರಾವಳಿ’ ಎಂದು ನಾವು ಒಂದೇ ಉಸಿರಿಗೆ ಹೇಳುತ್ತೇವಲ್ಲ, ಆ ಪ್ರಾಂತ್ಯ ಹೇಗೆ ಒಂದಾಯಿತು, ಹೇಗೆ ತುಂಡಾಯಿತು ಎಂಬುದು ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ. ವಿಜಯನಗರದವರು ತುಳುನಾಡನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಮಾಡಿ ಆಳಿದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯವರು ಕೆನರಾ ಎಂಬ ಒಂದೇ ಜಿಲ್ಲೆ ಮಾಡಿ ಥಾಮಸ್ ಮನ್ರೋನನ್ನು ಕಲೆಕ್ಟರ್ ಆಗಿ ಕೂರಿಸಿದರು. 1862ರಲ್ಲಿ ಉತ್ತರದ ಭಾಗ ಮುಂಬೈಗೆ ಹೋಯಿತು. ಧಾರವಾಡ ಸೀಮೆಯ ಹತ್ತಿ ಕಾರವಾರದಿಂದ ಹಡಗು ಹತ್ತಲಿ ಎಂಬ ವ್ಯಾಪಾರಿಗಳ ಆಸೆ ಅದರ ಹಿಂದಿತ್ತು. ದಕ್ಷಿಣ ಮದ್ರಾಸಿನಲ್ಲೇ ಉಳಿಯಿತು. ಮುಂದಿನ ತೊಂಬತ್ತಕ್ಕೂ ಹೆಚ್ಚು ವರ್ಷ ಒಂದೇ ಕಡಲ ದಡದ ಜನ ಎರಡು ಬೇರೆ ರಾಜಧಾನಿಗಳ ಕಡೆ ಮುಖ ಮಾಡಿ ಬದುಕಿದರು. 1956ರಲ್ಲಿ ಎರಡೂ ಮೈಸೂರಿಗೆ ಸೇರಿದವು, ಆದರೆ ಕಾಸರಗೋಡು ಕೇರಳಕ್ಕೆ ಹೋಯಿತು. ಸಾರಾ ಅಬೂಬಕ್ಕರ್ ಕಾದಂಬರಿಯ ಚಂದ್ರಗಿರಿ ನದಿ ನಮ್ಮ ಪ್ರವಾಸದ ನಕ್ಷೆಯಲ್ಲಿ ಯಾಕಿಲ್ಲ ಎಂದು ಕೇಳಿದರೆ ಉತ್ತರ ಇಲ್ಲಿದೆ. ಒಂದು ಮೀನನ್ನೇ ತೆಗೆದುಕೊಳ್ಳಿ: ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದಲ್ಲಿ ಬೈಗೆ, ಅಂಕೋಲೆಯ ಕಡೆ ತಾರ್ಲೆ. ನಮ್ಮ ವರದಿಗಳಲ್ಲಿ ಮಾತ್ರ ಎಲ್ಲ ಕಡೆ ‘ಮೀನು’.

ಊರಿಗೆ ಹೋಗುವ ಮೊದಲು ಓದುವುದರಿಂದ ಏನಾಗುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅಮಿತಾವ್ ಘೋಷ್. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ ಬೆನ್ ಯಿಜು ಎಂಬ ಯಹೂದಿ ವರ್ತಕನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗ್‌ನಲ್ಲಿ ಉಳಿದುಬಂದಿದ್ದವು. ಅವನ್ನು ಓದಲೆಂದೇ ಘೋಷ್ ಆ ಕಾಲದ ಯಹೂದಿ ಅರಬ್ಬಿ ಭಾಷೆ ಕಲಿತರು. ಆ ಪತ್ರಗಳಲ್ಲಿ ವರ್ತಕನ ಆಳಿನ ಹೆಸರಿತ್ತು, ಬರೀ ವ್ಯಂಜನಗಳಲ್ಲಿ. ಹೇಗೆ ಉಚ್ಚರಿಸಬೇಕೆಂದು ತಿಳಿಯದು. ಆ ತೊಡಕನ್ನು ಹೊತ್ತು ಅವರು ಮಂಗಳೂರಿಗೆ ಬಂದರು. ವಿವೇಕ ರೈಗಳಂಥ ವಿದ್ವಾಂಸರೊಡನೆ ಕೂತಾಗ ಅದು ಬೊಮ್ಮ ಎಂದು ತಿಳಿಯಿತು. 1992ರ ‘ಇನ್ ಆನ್ ಆಂಟಿಕ್ ಲ್ಯಾಂಡ್’ನಲ್ಲಿ ಇದೆಲ್ಲ ಇದೆ. ಆ ಒಂದು ಹೆಸರನ್ನು ಬಗಲಲ್ಲಿ ಇಟ್ಟುಕೊಳ್ಳದೆ ‘ತಾಜಾ ಕಣ್ಣಿನಿಂದ’ ಬಂದಿದ್ದರೆ ಅವರೂ ಪಣಂಬೂರಿನ ಬೀಚ್ ನೋಡಿ, ಐಸ್‌ಕ್ರೀಮ್ ತಿಂದು ಹೋಗುತ್ತಿದ್ದರು.

ನಾವು ಅಷ್ಟೆಲ್ಲ ಮಾಡಲಾರೆವು, ಸರಿ. ಎರಡು ವಾರ ‘ಮರಳಿ ಮಣ್ಣಿಗೆ’ ಓದಬಹುದಲ್ಲ? ಅಳಿಯಸಂತಾನ ಎಂದರೇನು, ಮೂಲಗೇಣಿಗೂ ಚಾಲಗೇಣಿಗೂ ಏನು ವ್ಯತ್ಯಾಸ, 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿಯವರ ಗತಿ ಏನಾಯಿತು ಎಂದು ತಿಳಿಯಬಹುದಲ್ಲ? ಇದನ್ನು ಮಾಡದೆ ಹೋಗುವುದೆಂದರೆ ಅಲ್ಲಿನವರನ್ನು ಸಂಬಳವಿಲ್ಲದ ಪ್ರೈಮರಿ ಶಾಲೆ ಮೇಷ್ಟ್ರಾಗಿ ಮಾಡಿಕೊಳ್ಳುವುದು. ಬಲೆ ಹೊಲಿಯುವವನ ಬೆಳಗನ್ನು, ಮೀನು ಹರಾಜಿಗೆ ಕೂತ ಹೆಂಗಸಿನ ಅರ್ಧ ಗಂಟೆಯನ್ನು ಪಂಚಾಂಗದಲ್ಲೇ ಸಿಗುವ ಉತ್ತರಕ್ಕಾಗಿ ಕಸಿದುಕೊಳ್ಳುವುದು.

ವಿಭಾಗ ಸಮಯ ಕೊಡಲಿಲ್ಲವಾದ್ದರಿಂದ ಹಾಸ್ಟೆಲ್ಲಿನ ಮೆಸ್ಸಿನಲ್ಲಿ, ರಾತ್ರಿ ಊಟದ ನಂತರ ಕೂರುತ್ತಿದ್ದೇವೆ. ಮೂವತ್ತು ಜನರಲ್ಲಿ ಹನ್ನೊಂದು ಜನ ಬರುತ್ತಾರೆ. ಜೆರಾಕ್ಸಿನ ದುಡ್ಡು ನಮ್ಮದೇ. ಮೊನ್ನೆ ಒಬ್ಬಳು ಪ್ರವಾಸದ ವೇಳಾಪಟ್ಟಿ ನೋಡಿ ಕೇಳಿದಳು: ‘ಅಕ್ಕಾ, ಎರಡನೇ ದಿನ ಸಂಜೆ ಭೂತಕೋಲ ಅಂತ ಹಾಕಿದ್ದಾರೆ. ಜುಲೈನಲ್ಲಿ ಹೇಗೆ?’ ವೇಳಾಪಟ್ಟಿ ಮಾಡಿದವರನ್ನು ಹೋಗಿ ಕೇಳು ಎಂದೆ. ಹೋಗಿ ಕೇಳಿದಳಂತೆ. ರೆಸಾರ್ಟಿನವರು ವ್ಯವಸ್ಥೆ ಮಾಡುತ್ತಾರೆ ಎಂದರಂತೆ.