ಯಾರಿಗೆ ಮುಖ, ಯಾರಿಗೆ ಬೆನ್ನು?



ಕಳೆದ ದೀಪಾವಳಿಯ ರಜೆಯಲ್ಲಿ ಕಣಗಿನಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಾಗ್ವಾದ ನಡೆಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ ತನ್ನ ಗೆಳೆಯನೊಬ್ಬನನ್ನು ಕರೆದುಕೊಂಡು ಹಬ್ಬಕ್ಕೆ ಬಂದಿದ್ದನು. ಇಬ್ಬರೂ ಪಾಶ್ಚಾತ್ಯ ರಾಕ್ ಸಂಗೀತದ ಅಭಿಮಾನಿಗಳು. ಮೆಟಾಲಿಕಾ ಎಂಬ ಅಮೆರಿಕದ ತಂಡವೆಂದರೆ ಇಬ್ಬರಿಗೂ ಪ್ರಾಣ. ಹಾಡುಗಳ ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಜಗಳವಿದ್ದುದು ವೇದಿಕೆಯ ಬಗ್ಗೆ. ವೇದಿಕೆಯು ಜನರ ಎದುರಿಗಿರಬೇಕೋ, ಜನರ ನಡುವೆ ಇರಬೇಕೋ ಎಂಬುದು ಅವರ ಪ್ರಶ್ನೆ.

ನನ್ನ ಅಳಿಯನು ಕಾಲೇಜಿನಲ್ಲಿದ್ದಾಗ, 2011ರ ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡದ ಕಾರ್ಯಕ್ರಮವನ್ನು ನೋಡಿದ್ದನು. ಅಲ್ಲಿ ವೇದಿಕೆಯು ಎಲ್ಲ ಕಡೆಯಂತೆ ಮೈದಾನದ ಒಂದು ತುದಿಯಲ್ಲಿತ್ತು. ಅವನ ಗೆಳೆಯನಾದರೋ ಕಂಪನಿಯ ಕೆಲಸದ ನಿಮಿತ್ತ ನೆದರ್‌ಲ್ಯಾಂಡ್ಸ್ ದೇಶದಲ್ಲಿದ್ದಾಗ, 2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ದೊಡ್ಡ ಕ್ರೀಡಾಂಗಣದಲ್ಲಿ ಅದೇ ತಂಡವನ್ನು ಕೇಳಿದ್ದನು. ಅಲ್ಲಿ ಬಳೆಯ ಆಕಾರದ ವೇದಿಕೆಯನ್ನು ಮೈದಾನದ ಮಧ್ಯದಲ್ಲಿ ಕಟ್ಟಿದ್ದರಂತೆ. ಬಳೆಯ ಹೊರಗೂ ಜನ, ಒಳಗೂ ಜನ. ಸುತ್ತಲೂ ಎಂಟು ಗೋಪುರಗಳು, ಅವುಗಳಲ್ಲಿ ದೃಶ್ಯ ತೋರಿಸುವ ಪರದೆಗಳು. ಡ್ರಮ್ ಬಾರಿಸುವವನು ಒಂದೇ ದಿಕ್ಕಿಗೆ ಸಲ್ಲಬಾರದೆಂದು ನಾಲ್ಕು ಕಡೆಗಳಲ್ಲಿ ಡ್ರಮ್‌ಗಳನ್ನು ಸಜ್ಜುಗೊಳಿಸಿ, ಅವನು ಒಂದೊಂದು ಹೊತ್ತು ಒಂದೊಂದು ಕಡೆ ಕುಳಿತು ಬಾರಿಸುವ ಏರ್ಪಾಡು.

"ಅಲ್ಲಿ ಮುಂದ ಕುಂತಾವ ಯಾರು, ಹಿಂದ ಕುಂತಾವ ಯಾರು? ಎಲ್ಲಾರೂ ಒಂದಽ!" ಎಂದು ಗೆಳೆಯನು ಹೇಳಿದನು.

"ಏನು ಒಂದಽ? ನಿನ್ನ ಕಡೆ ಒಂದು ಹಾಡು ಹಾಡ್ತಾನ, ಮುಂದಿನ ಮೂರು ಹಾಡಿಗೆ ಅವನ ಬೆನ್ನು ನೋಡಬೇಕು. ಕಡೀಕೆ ಪರದೆ ನೋಡಿ ಮನೀಗೆ ಬರಬೇಕು. ಮಾಮಾ, ನೀವಽ ಹೇಳ್ರಿ" ಎಂದು ಅಳಿಯನು ನನ್ನತ್ತ ತಿರುಗಿದನು.

ರಾಕ್ ಸಂಗೀತದ ಗಂಧವಿಲ್ಲದ ನಾನು ಏನು ಹೇಳಲಿ? ಅಷ್ಟರಲ್ಲಿ ಕರ್ಚಿಕಾಯಿ ಮಡಿಸುತ್ತ ಕುಳಿತಿದ್ದ ಅಕ್ಕನು ತಲೆಯೆತ್ತದೆಯೇ ನುಡಿದಳು: "ನಮ್ಮ ಪಾರಿಜಾತದಾಗೂ ಹಿಂಗಽ ಇತ್ತಲ್ಲೋ ತಮ್ಮಾ. ಇದೇನು ಹೊಸಾದು?"

ಅವಳ ಮಾತು ನಿಜ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದುಬಂದ ಶ್ರೀಕೃಷ್ಣ ಪಾರಿಜಾತವನ್ನು ನಾವು ಬಾಲ್ಯದಲ್ಲಿ ನೋಡಿದ್ದು ಊರ ನಡುವಿನ ಬಯಲಿನಲ್ಲಿ. ಗ್ಯಾಸ್ ಬತ್ತಿಯ ಬೆಳಕು, ಹರಡಿದ ಜಮಖಾನೆ, ಸುತ್ತಲೂ ನೆಲದ ಮೇಲೆ ಕುಳಿತ ಜನ. ಗೊಲ್ಲತಿಯು ಜನರ ನಡುವಿನಿಂದಲೇ ಹಾದು ಬರುತ್ತಿದ್ದಳು. ಒಂದು ನುಡಿಯನ್ನು ಮೂಡಣಕ್ಕೆ ಹಾಡಿದರೆ ಮುಂದಿನ ನುಡಿಯನ್ನು ಪಡುವಣಕ್ಕೆ ಹಾಡುತ್ತಿದ್ದಳು. ಹಿಮ್ಮೇಳದವರು ಹಿಡಿದ ಪಲ್ಲವಿ ಮುಗಿಯುವಷ್ಟರಲ್ಲಿ ಅವಳು ಅರ್ಧ ಸುತ್ತು ಬಂದಿರುತ್ತಿದ್ದಳು. ಬೆನ್ನು ಎಲ್ಲರ ಪಾಲಿಗೂ ಬರುತ್ತಿತ್ತು. ಆದರೆ ಯಾರ ಪಾಲಿಗೂ ಅದೇ ಉಳಿಯುತ್ತಿರಲಿಲ್ಲ.

ಹಾಗೆಂದು ಎದುರು ವೇದಿಕೆಯನ್ನು ಹಳಿಯುವುದು ನ್ಯಾಯವಲ್ಲ. ಅದರ ಸೊಗಸನ್ನು ನಮ್ಮ ಗದುಗಿನವರಷ್ಟು ಸವಿದವರು ವಿರಳ. ಮರಾಠಿ ನಾಟಕಗಳು ಈ ಭಾಗವನ್ನು ಆಳುತ್ತಿದ್ದ 1870ರ ದಶಕದಲ್ಲಿ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದ್ದು ಗದುಗಿನಲ್ಲಿಯೇ. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯು ಊರೂರುಗಳಲ್ಲಿ ಮೆರೆಯಿತು. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ನಾಟಕಗಳನ್ನು ರಚಿಸಿ, ಕಂಪನಿಯನ್ನೂ ನಡೆಸಿದರು. ಅರಮನೆ, ಅಡವಿ, ಬೀದಿಗಳನ್ನು ಬರೆದ ಪರದೆಗಳು ಒಂದರ ಹಿಂದೊಂದು ಏಳುವಾಗ ನಾವು ಬೆರಗಾಗಿ ಬಾಯಿ ತೆರೆದು ಕುಳಿತಿರುತ್ತಿದ್ದೆವು. ಆ ಬೆರಗಿಗೆ ಒಂದು ಮರೆ ಬೇಕು. ಮರೆ ಬೇಕಾದರೆ ಆಟಕ್ಕೆ ಒಂದೇ ಮುಖವಿರಬೇಕು. ಸುತ್ತಲೂ ಜನ ಕುಳಿತರೆ ಪರದೆಯನ್ನು ಎಲ್ಲಿ ಕಟ್ಟುವುದು?

ಆದರೆ ಪರದೆಯ ಜೊತೆಯಲ್ಲಿ ಇನ್ನೊಂದೂ ಬಂದಿತು. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಕೊನೆಗೆ ನೆಲ ಎಂಬ ದರ್ಜೆಗಳು ಹುಟ್ಟಿಕೊಂಡವು. ಆಟಕ್ಕೆ ಮುಖವೊಂದೇ ಆದಾಗ ಅದರ ಹತ್ತಿರದ ಸ್ಥಳಕ್ಕೆ ಬೆಲೆ ಬರುವುದು ಸಹಜ. ಇದನ್ನು ಕಂಡೋ ಏನೋ, ನಮ್ಮ ರಂಗಕರ್ಮಿಗಳು ಮತ್ತೆ ಬಯಲಿಗೆ ಬಂದರು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಈಡಿಪಸ್, ಜೋಕುಮಾರಸ್ವಾಮಿ, ಸಂಕ್ರಾಂತಿ ಎಂಬ ಮೂರು ನಾಟಕಗಳನ್ನು ಬಯಲಿನಲ್ಲಿ ಆಡಿಸಿದ್ದು ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಒಂದು ತಿರುವು ಎನಿಸಿದೆ.

ರಾಕ್ ಸಂಗೀತದವರೂ ಇದೇ ದಾರಿಯನ್ನು ಹಿಡಿದವರು. 1978ರಲ್ಲಿ ಯೆಸ್ ಎಂಬ ಇಂಗ್ಲಿಷ್ ತಂಡವು ಸಭಾಂಗಣದ ಮಧ್ಯದಲ್ಲಿ ಮೆಲ್ಲಗೆ ತಿರುಗುವ ವೇದಿಕೆಯ ಮೇಲೆ ನಿಂತು ನುಡಿಸಿತು. ಮುಖವೂ ಬೆನ್ನೂ ಯಂತ್ರದಿಂದಲೇ ಸಮವಾಗಿ ಹಂಚಿಕೆಯಾಗಲಿ ಎಂಬ ಉಪಾಯ! ಐರ್ಲೆಂಡಿನ ಯು2 ತಂಡವು 2009ರಿಂದ 2011ರವರೆಗೆ ನಡೆಸಿದ ಪ್ರವಾಸಕ್ಕೆ ನಾಲ್ಕು ಕಾಲುಗಳ, ಸುಮಾರು 50 ಮೀಟರ್ ಎತ್ತರದ ಚೌಕಟ್ಟನ್ನು ಮಾಡಿಸಿತ್ತು. ಧ್ವನಿವರ್ಧಕ, ದೀಪ, ಪರದೆಗಳೆಲ್ಲ ಅದರಿಂದ ತೂಗುತ್ತಿದ್ದುದರಿಂದ ಯಾರ ನೋಟಕ್ಕೂ ಕಂಬ ಅಡ್ಡ ಬರದೆ ಸುತ್ತಲೂ ಜನ ಸೇರಬಹುದಿತ್ತು. ಒಂದು ಊರಿನಲ್ಲಿ ಆಟ ನಡೆದಿರುವಾಗಲೇ ಮುಂದಿನ ಊರಿನಲ್ಲಿ ಇನ್ನೊಂದನ್ನು ಎಬ್ಬಿಸಬೇಕಾಗಿದ್ದರಿಂದ ಅಂಥ ಮೂರು ಚೌಕಟ್ಟುಗಳು ಬೇಕಾದವು.

ಇದೆಲ್ಲ ಕೇವಲ ಔದಾರ್ಯವೆಂದು ತಿಳಿಯಬಾರದು. ವೇದಿಕೆಯು ಒಂದು ತುದಿಯಲ್ಲಿದ್ದರೆ ಅದರ ಹಿಂದಿನ ಆಸನಗಳು ಮಾರಾಟವಾಗುವುದಿಲ್ಲ. ನಡುವಿನಲ್ಲಿದ್ದರೆ ಎಲ್ಲವೂ ಮಾರಾಟವಾಗುತ್ತವೆ. ಶಬ್ದದ ತೊಡಕೂ ಸಣ್ಣದಲ್ಲ. ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ, 100 ಮೀಟರ್ ದೂರದಲ್ಲಿ ಕುಳಿತವನಿಗೆ ನಡುವಿನ ಸ್ಪೀಕರಿನ ಧ್ವನಿಯು ಸೆಕೆಂಡಿನ ಮೂರನೆಯ ಒಂದಂಶದಷ್ಟು ತಡವಾಗಿ ಮುಟ್ಟುತ್ತದೆ. ಅವನ ಹತ್ತಿರದ ಗೋಪುರದ ಸ್ಪೀಕರ್ ಅದಕ್ಕಿಂತ ಮೊದಲೇ ನುಡಿದರೆ ಒಂದೇ ಪೆಟ್ಟು ಎರಡಾಗಿ ಕೇಳಿಸುತ್ತದೆ. ಆದ್ದರಿಂದ ದೂರದ ಸ್ಪೀಕರುಗಳನ್ನು ಬೇಕೆಂದೇ ಅಷ್ಟು ತಡಮಾಡಿ ನುಡಿಸುತ್ತಾರೆ. ಅಳಿಯನ ದೂರಿನಲ್ಲಿ ಹುರುಳಿಲ್ಲವೆಂದಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ನಾನು ತೀರ್ಪು ಹೇಳಲಿಲ್ಲ. ಏಕೆಂದರೆ ಆ ಹೊತ್ತಿಗೆ ನನ್ನ ಮನಸ್ಸು ಬೇರೆಯೇ ಒಂದು ರಾತ್ರಿಯ ಕಡೆಗೆ ಹೋಗಿತ್ತು.

ನಾನು ಶಿಕ್ಷಕನಾಗಿ ಬೇರೊಂದು ಊರಿನಲ್ಲಿದ್ದಾಗ ಅಲ್ಲಿಯ ಜಾತ್ರೆಯಲ್ಲಿ ನಾಟಕವಿತ್ತು. ಆಸನಗಳ ವ್ಯವಸ್ಥೆ ನನ್ನ ಪಾಲಿಗೆ ಬಂದಿತ್ತು. ಊರ ಹಿರಿಯರಿಗೆ, ಅಧಿಕಾರಿಗಳಿಗೆ ಮುಂದೆ ನಾಲ್ಕು ಸಾಲು ಕುರ್ಚಿಗಳನ್ನು ಹಾಕಿಸಿದೆನು. ಹೆಣ್ಣುಮಕ್ಕಳಿಗೆ ಎಡಮಗ್ಗುಲಿನಲ್ಲಿ ಹಗ್ಗ ಕಟ್ಟಿ ಸ್ಥಳ ಮಾಡಿಸಿದೆನು. ಅವರ ಮುಂದೆಯೇ ಸ್ಪೀಕರಿನ ಎತ್ತರದ ಪೆಟ್ಟಿಗೆಗಳು ಬಂದವು. ಬೇರೆ ಕಡೆ ಇಟ್ಟರೆ ಕುರ್ಚಿಯವರಿಗೆ ಮರೆಯಾಗುತ್ತಿತ್ತು. ಅದು ಸರಿಯಾದ ನಿರ್ಧಾರವೆಂದೇ ನನಗೆ ಆಗ ತೋರಿತು.

ಆ ವರ್ಷ ನಮ್ಮ ಅವ್ವನು ನನ್ನಲ್ಲಿಗೆ ಬಂದಿದ್ದಳು. ಪಾರಿಜಾತದ ಪದಗಳನ್ನು ಬೀಸುವಾಗಲೂ ಕುಟ್ಟುವಾಗಲೂ ಹಾಡಿಕೊಂಡವಳು. ಆಟವೆಂದರೆ ಊಟ ಬಿಡುವವಳು. ಆ ರಾತ್ರಿ ಹಗ್ಗದಾಚೆ ಕುಳಿತಳು. ಬೆಳಗಿನ ಜಾವ ಮನೆಗೆ ನಡೆದು ಬರುವಾಗ, "ಆಟ ಹೆಂಗಿತ್ತವ್ವ?" ಎಂದು ಹೆಮ್ಮೆಯಿಂದ ಕೇಳಿದೆನು.

"ಚಲೋ ಕೇಳಿಸ್ತಪಾ" ಎಂದಳು.

ಕೇಳಿಸಿತು ಎಂದಳೇ ಹೊರತು ಕಂಡಿತು ಎನ್ನಲಿಲ್ಲ. ಆ ಮಾತಿನ ಅರ್ಥ ನನಗೆ ಹೊಳೆಯಲು ಮರುದಿನ ಹಂದರ ಬಿಚ್ಚುವಾಗ ಅವಳು ಕುಳಿತಿದ್ದ ಸ್ಥಳದಲ್ಲಿ ನಿಲ್ಲಬೇಕಾಯಿತು. ಅಲ್ಲಿಂದ ಕಾಣುತ್ತಿದ್ದುದು ಸ್ಪೀಕರಿನ ಪೆಟ್ಟಿಗೆ ಮತ್ತು ಬಣ್ಣದ ಪರದೆಯ ಹಿಂಬದಿಯ ಗೋಣಿತಟ್ಟು ಮಾತ್ರ. ನಾನು ಅವಳ ಕ್ಷಮೆ ಕೇಳಲಿಲ್ಲ. ಅದಾದ ಮೇಲೆ ಅವಳು ಯಾವ ಆಟಕ್ಕೂ ಹೋಗಲಿಲ್ಲ, ಕಾಲುನೋವೆಂದಳು. ಈಗ ಅವಳು ಲಿಂಗೈಕ್ಯಳಾಗಿ ಹಲವು ವರ್ಷಗಳಾದವು.

ಈ ಸಂಗತಿಯನ್ನು ಆ ಹುಡುಗರಿಗೆ ಹೇಳಿದೆನು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಳಿಯನು, "ಹಂಗಾದ್ರ ದುಂಡನ ವೇದಿಕೆನಽ ಚಲೋ ಅಂತೀರೇನು, ಮಾಮಾ?" ಎಂದನು.

ಹಾಗೆ ಹೇಳಲಾರೆ. ದುಂಡು ವೇದಿಕೆಯು ಬೆನ್ನನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಹಂಚುತ್ತದೆ, ಅಷ್ಟೇ. ಎದುರು ವೇದಿಕೆಯಲ್ಲಿ ಬೆನ್ನು, ಮರೆ, ದೂರಗಳು ಕೆಲವರ ಪಾಲಿಗೇ ನಿಶ್ಚಿತವಾಗಿರುತ್ತವೆ. ಆ ಕೆಲವರು ಯಾರೆಂಬುದನ್ನು ಕುರ್ಚಿ ಹಾಕುವವನು ನಿರ್ಧರಿಸುತ್ತಾನೆ. ನಿರ್ಧರಿಸಿದೆನೆಂಬ ಅರಿವೂ ಅವನಿಗಿರುವುದಿಲ್ಲ. ನನ್ನ ತಪ್ಪು ಇದ್ದುದು ಅಲ್ಲಿ.

ನಮ್ಮ ಕಣಗಿನಹಾಳವು 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘವನ್ನು ಕಟ್ಟಿದ ಊರು. ನಾಡಿನ ಸಹಕಾರ ಚಳವಳಿಯವರು ಇಂದಿಗೂ ಗೌರವದಿಂದ ನೆನೆಯುವ ಊರು. ಸಾಲದ ಹೊರೆಯನ್ನು ಒಬ್ಬೊಬ್ಬನೇ ಹೊರುವ ಬದಲು ಎಲ್ಲರೂ ಸೇರಿ ಹೊರೋಣ ಎಂದ ಹಿರಿಯರ ಮಕ್ಕಳು ನಾವು. ಒಂದು ರಾತ್ರಿಯ ಆಟದಲ್ಲಿ ಬರುವ ಬೆನ್ನನ್ನು ಹಂಚಿಕೊಳ್ಳಲಾರೆವೆ?

ಬರುವ ಜಾತ್ರೆ, ಮದುವೆ, ಶಾಲೆಯ ಸಮಾರಂಭಗಳಲ್ಲಿ ಹಂದರ ಹಾಕಿಸುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಭಜನೆ, ಸಣ್ಣಾಟ, ನಂದಿಕೋಲು ಕುಣಿತಗಳಿಗೆ ಅಟ್ಟವೇ ಬೇಡ. ನಡುವೆ ಸ್ಥಳ ಬಿಟ್ಟು ಸುತ್ತಲೂ ಕುಳಿತರೆ ಸಾಕು. ಪರದೆಯ ನಾಟಕವಾದರೆ ನೆಲದ ಮೇಲೆ ಕುಳಿತುಕೊಳ್ಳುವವರು ಮುಂದೆ ಬರಲಿ, ಕುರ್ಚಿಗಳು ಹಿಂದಿರಲಿ. ಎತ್ತರದಲ್ಲಿ ಕುಳಿತವರಿಗೆ ಹಿಂದಿನಿಂದಲೂ ಕಾಣುತ್ತದೆ. ನೆಲ ಹಿಡಿಯಲಾರದ ವೃದ್ಧರಿಗೆ ಮುಂದಿನ ಎರಡೂ ಮಗ್ಗುಲುಗಳಲ್ಲಿ ಕೆಲವು ಕುರ್ಚಿಗಳಿರಲಿ. ಕೊನೆಗೆ, ದೀಪ ಹಚ್ಚುವ ಮೊದಲು ವ್ಯವಸ್ಥೆಯ ಹೊಣೆ ಹೊತ್ತವನು ಎಲ್ಲರಿಗಿಂತ ಕೆಟ್ಟ ಸ್ಥಳ ಯಾವುದೆಂದು ಹುಡುಕಿ, ಅಲ್ಲಿ ಒಂದು ಗಳಿಗೆ ಕುಳಿತು ನೋಡಲಿ.

ನಾನು ಹಾಗೆ ಕುಳಿತು ನೋಡಿದ್ದು ಮರುದಿನ, ಹಂದರ ಬಿಚ್ಚುವಾಗ. ನೀವು ಮೊದಲೇ ನೋಡಿರಿ.